ನಾಲ್ಕು ಬೋಲ್ಟು, ಏಳು ಟಕ್

ಹೇಮಪ್ಪ ಕಮ್ಮಾರನಿಗೆ ಮೊಬೈಲ್ ಕಂಡರೆ ಆಗುತ್ತಿರಲಿಲ್ಲ. "ಅದನ್ನ ಕಿವಿಗೆ ಹಚ್ಚಿದ್ರ ತಲೀ ಕಾಯ್ತೈತಿ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಟಿವಿಯ ಮೇಲೂ ಅವನಿಗೆ ಸಿಟ್ಟು. ಈಗಿನವರೆಲ್ಲ ಬಾಯೊಳಗೇ ಮಾತಾಡುತ್ತಾರೆ, ಗಂಟಲು ಬಿಚ್ಚಿ ಮಾತಾಡುವ ಒಬ್ಬ ಮನುಷ್ಯನೂ ಉಳಿದಿಲ್ಲ ಎಂದು ದೂರುತ್ತಿದ್ದ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ನರಗುಂದಕ್ಕೆ, ಇನ್ನೊಬ್ಬಳನ್ನು ಬೆಳವಣಕಿಗೆ ಕೊಟ್ಟಿದ್ದ. ಅವರು ಫೋನು ಮಾಡಿದರೆ "ನಿಮ್ಮವ್ವನ ಕೂಡ ಮಾತಾಡ್ರಿ" ಎಂದು ಹೆಂಡತಿ ಉಡಚವ್ವನ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿಬಿಡುತ್ತಿದ್ದ. ಖರೇ ಸಂಗತಿ ಬೇರೆಯೇ ಇತ್ತು. ಅರವತ್ತೊಂದರ ಹೇಮಪ್ಪನಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಹೋಗಿತ್ತು. ಎರಡು ವರ್ಷದಿಂದ ಇದನ್ನು ಅವನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ ಹೇಳಿಯಾನು? ಅವನು ಕಮಾನ ಮಿಸ್ತ್ರಿ. ಟ್ರ್ಯಾಕ್ಟರ್ ಟ್ರೇಲರು, ಟೆಂಪೊ, ಹಳೆಯ ಜೀಪುಗಳ ಹೊಟ್ಟೆಯಡಿ ಬಿಲ್ಲಿನಂತೆ ಬಾಗಿ ಭಾರ ಹೊತ್ತುಕೊಂಡಿರುವ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದೇ ಕಮಾನ. ಅವನ ಅಜ್ಜ ಬಂಡಿಗಾಲಿಗೆ ಕಬ್ಬಿಣದ ಹಳಿ ಏರಿಸಿದವನು. ಅಪ್ಪನೂ ಅದನ್ನೇ ಮಾಡುತ್ತಿದ್ದು, ಬಂಡಿಗೆಲ್ಲ ರಬ್ಬರ್ ಟೈರು ಬಂದ ಮೇಲೆ ಕುಲುಮೆ ಆರಿಸಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಹೇಮಪ್ಪ ಹಾಗೆ ಕೂಡುವ ಪೈಕಿ ಅಲ್ಲ. ಹದಿನೇಳನೇ ವಯಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಒಂದೂವರೆ ವರ್ಷ ಬೈಸಿಕೊಂಡು ಕೆಲಸ ಕಲಿತು ಬಂದು, ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ರಸ್ತೆಯ ಪಕ್ಕ ತಗಡಿನ ಶೆಡ್ಡು ಹಾಕಿದ. ಆಮೇಲೆ ನಲವತ್ತೆರಡು ವರ್ಷ ಸುತ್ತಿಗೆ ಕೆಳಗಿಡಲಿಲ್ಲ.

ಆ ಕೆಲಸದಲ್ಲಿ ಕೈ ಎಷ್ಟು ಮುಖ್ಯವೋ ಕಿವಿಯೂ ಅಷ್ಟೇ ಮುಖ್ಯ. ಪಟ್ಟಿಯನ್ನು ದಾರಕ್ಕೆ ತೂಗಬಿಟ್ಟು ಸುತ್ತಿಗೆಯಿಂದ ಬಡಿದರೆ ಗಟ್ಟಿ ಪಟ್ಟಿ "ಟಣ್" ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕು ಬಿಟ್ಟದ್ದು "ಟೊಪ್" ಎನ್ನುತ್ತದೆ. ಹೇಮಪ್ಪನ ಕಿವಿ ಎಂಥದ್ದೆಂದರೆ, ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಕುಳಿತವನು ರಸ್ತೆಯಲ್ಲಿ ಹೋಗುವ ಟ್ರೇಲರಿನ ಸಪ್ಪಳ ಕೇಳಿಯೇ "ಹಿಂದಿನ ಕಮಾನದಾಗ ಮೂರನೇ ಪಟ್ಟಿ ಹೋಗೈತಿ, ನಿಂದರ್ಸೋ" ಎಂದು ಕೂಗುತ್ತಿದ್ದ. ಡ್ರೈವರು ಬೈದುಕೊಳ್ಳುತ್ತ ಇಳಿದು ನೋಡಿದರೆ ಮೂರನೆಯದೇ ಒಡೆದಿರುತ್ತಿತ್ತು. ಮುಶಿಗೇರಿ, ರಾಜೂರು, ಆಚೆ ರೋಣದವರೆಗೂ ಅವನ ಹೆಸರು ಹಬ್ಬಿದ್ದೇ ಹೀಗೆ. "ಹೇಮಪ್ಪನ ಕೈಯಿಂದ ಹೊಂಟ ಗಾಡಿ ಸಪ್ಪಳಾ ಮಾಡೂದಿಲ್ಲ" ಎಂದು ಮಂದಿ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿಯಾಗಿ, ಮುಖ ಮಾತ್ರ ಗಂಟು ಹಾಕಿಕೊಂಡು ಇನ್ನೊಂದು ಬೀಡಿ ಹಚ್ಚುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ದಿನ ಅವನು ಒಂದರ ಹಿಂದೊಂದು ಮೂರು ಪಟ್ಟಿಗಳನ್ನು "ಬಿರುಕ ಬಿಟ್ಟೈತಿ" ಎಂದು ತೆಗೆದು ಮೂಲೆಗೆ ಒಗೆದ. ಮೂರೂ ಅವತ್ತೇ ಅಂಗಡಿಯಿಂದ ತಂದ ಹೊಸವು. ನಾಲ್ಕನೆಯದನ್ನು ಬಡಿದ. ಅದೂ "ಟೊಪ್" ಎಂದಿತು. ಆಮೇಲೆ ಸುಮ್ಮನೆ ಸುತ್ತಿಗೆಯಿಂದ ಕಬ್ಬಿಣದ ಅಡಿಗಲ್ಲನ್ನೇ ಬಡಿದು ನೋಡಿದ, ಅದೂ ಹಾಗೆಯೇ ಅಂದಿತು. ಹೇಮಪ್ಪ ಅಲ್ಲೇ ಟೈರಿನ ಮೇಲೆ ಕುಳಿತುಬಿಟ್ಟ. ಸಪ್ಪಳ ಕೇಳದ ಮಿಸ್ತ್ರಿಯ ಕೈಗೆ ಯಾವನು ಗಾಡಿ ಕೊಟ್ಟಾನು? ಊರಿಗೆ ಗೊತ್ತಾದ ದಿನ ತಾನೂ ಅಪ್ಪನ ಹಾಗೆ ಕಟ್ಟೆ ಹಿಡಿಯಬೇಕು, ಅಷ್ಟೇ.

ಅವತ್ತಿನಿಂದ ಅವನು ಪಟ್ಟಿಗಳ ಮೇಲೆ ಅಂಗೈ ಇಟ್ಟು, ಬಡಿದಾಗ ಅದು ನಡುಗುವುದನ್ನು ಹಿಡಿಯಲು ಕಲಿತ. ಕೇಳಿಸದ ಮಾತಿಗೆಲ್ಲ "ಹ್ಞೂಂ ಹ್ಞೂಂ" ಎಂದು ತಲೆಯಾಡಿಸಲು ಕಲಿತ. ಒಮ್ಮೆ ಯಾರೋ "ನಿಮ್ಮ ಮಾವ ತೀರಿಕೊಂಡ್ರಂತಲ್ಲ" ಎಂದದ್ದಕ್ಕೂ ನಗುತ್ತ "ಹ್ಞೂಂ" ಎಂದಿದ್ದ ಅನ್ನುತ್ತಾರೆ. ನಿಜವೋ ಸುಳ್ಳೋ, ನಾನು ಆಣೆ ಮಾಡಿ ಹೇಳಲಾರೆ.

ಹೀಗಿರುವಾಗ ಕಳೆದ ಶ್ರಾವಣದಲ್ಲಿ ಪ್ರಭುಲಿಂಗಪ್ಪ ಸಾವಕಾರರ ಮಗ ಕಳಕೇಶ ಹೊಸ ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಅದಕ್ಕೆ ಕಂಪನಿಯವರು ಏನೋ ಠೀವಿಯ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಅಂಥ ಗಾಡಿಗೆಲ್ಲ ಜೀಪು ಎಂದೇ ಹೆಸರು. ಸಾವಕಾರರದು ಗಜೇಂದ್ರಗಡದಲ್ಲಿ ಕಾಳುಕಡಿಯ ವ್ಯಾಪಾರ, ಮುಶಿಗೇರಿ ಕಡೆ ಎರಿ ಹೊಲ. ಕಪ್ಪು ಮಣ್ಣಿನ ಆ ದಾರಿ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಟ್ರ್ಯಾಕ್ಟರು ಹೋಗಿ ಹೋಗಿ ಎರಡೂ ಕಡೆ ಮೊಳಕಾಲುದ್ದ ಜಾಡು ಬಿದ್ದು ನಡುವೆ ಮಣ್ಣಿನ ದಿಬ್ಬ ಉಳಿದಿರುತ್ತದೆ. ಜೀಪಿನ ಗಾಲಿ ಜಾಡಿಗೆ ಇಳಿದದ್ದೇ ತಡ, ಹೊಟ್ಟೆ ದಿಬ್ಬಕ್ಕೆ ಹತ್ತಿ, ನಾಲ್ಕೂ ಗಾಲಿ ಬರಿದೇ ತಿರುಗುತ್ತ ನಿಂತುಬಿಡುತ್ತಿತ್ತು. ಎರಡು ಸಲ ಎತ್ತು ಕಟ್ಟಿ ಎಳೆಸಿದ್ದರು. ಮೂವತ್ತರ ಕಳಕೇಶನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಆನ್‌ಲೈನಿನಲ್ಲಿ ಹುಡುಕಿ, ಗಾಡಿಯನ್ನು ಎರಡು ಇಂಚು ಎತ್ತರಿಸುವ ಸಾಮಾನು ತರಿಸಿದ. ಎತ್ತರದ ಸುರುಳಿ ಸ್ಪ್ರಿಂಗು, ಕುಲುಕಾಟ ತಡೆಯುವ ಉದ್ದನೆಯ ಶಾಕು, ಬ್ರಾಕೆಟ್ಟು, ಬೋಲ್ಟು ಎಲ್ಲ ಸೇರಿ ಮೂರು ಡಬ್ಬಿ ಬಂದವು.

ಕಳಕೇಶ ಹುಬ್ಬಳ್ಳಿಗೆ ಒಯ್ದು ಹಾಕಿಸುವವನಿದ್ದ. ಅಪ್ಪ ಬಿಡಲಿಲ್ಲ. "ಹೇಮಪ್ಪ ಇರೂತನಕ ನನ್ನ ಗಾಡಿ ಬ್ಯಾರೆಯವರ ಕೈಯಾಗ ಯಾಕ?" ಎಂದು ಒಂದೇ ಮಾತಿಗೆ ಮುಗಿಸಿದರು. ಅವರ ಹಳೆಯ ಜೀಪನ್ನು ಇಪ್ಪತ್ತು ವರ್ಷ ನಡೆಸಿಕೊಟ್ಟವನು ಹೇಮಪ್ಪನೇ. ಹೀಗಾಗಿ ಕಳಕೇಶ ಬಂದದ್ದು ಅರೆಮನಸ್ಸಿನಿಂದ.

"ಕಾಕಾ, ಇದರಾಗ ಕಮಾನ ಇಲ್ಲರಿ, ಎಲ್ಲಾ ಸುರುಳಿ ಸ್ಪ್ರಿಂಗ್. ಹೊಸಾ ಗಾಡಿ, ತುಂಬ ವಾಯರ್ ಅದಾವು. ಆಕ್ಕೈತೇನ್ರಿ ನಿಮ್ಮ ಕಡಿಂದ?"

ಹೇಮಪ್ಪ ಗಾಡಿಯ ಕೆಳಗೆ ಬಗ್ಗಿ ಸ್ವಲ್ಪ ಹೊತ್ತು ನೋಡಿದ. "ಉಕ್ಕ ಉಕ್ಕ, ತಮ್ಮಾ. ಪಟ್ಟೀ ಮಾಡಿದ್ರೂ ಉಕ್ಕ, ಸುರುಳಿ ಸುತ್ತಿದ್ರೂ ಉಕ್ಕ. ಹೊಸಾ ಗಾಡಿಗೆ ನರಾ ಒಂದಿಷ್ಟ ಹೆಚ್ಚು, ಹುಷಾರಲೇ ಬಿಚ್ಚೂಣು" ಎಂದ.

"ಆದ್ರ ಕಾಗದದಾಗ ಬರದಂಗ ಮಾಡಬೇಕ್ರಿ ಮತ್ತ. ಪ್ರತಿ ಬೋಲ್ಟಿಗೂ ಇಷ್ಟ ಬಿಗಿ ಅಂತ ಐತಿ. ಅಂದಾಜಲೆ ಬ್ಯಾಡ್ರಿ."

ಅಂದಾಜು! ನಲವತ್ತೆರಡು ವರ್ಷದ ಕೈಗೆ ಈ ಹುಡುಗ ಅಂದಾಜು ಎನ್ನುತ್ತಾನೆ. ಹೇಮಪ್ಪನ ಮೀಸೆ ಕುಣಿಯಿತು, ಆದರೂ ಸಾವಕಾರರ ಮಗನೆಂದು ನುಂಗಿಕೊಂಡ. ಪಕ್ಕದಲ್ಲಿ ಟೈರಿನ ಅಂಗಡಿ ಇಟ್ಟಿರುವ ಮುನಾವರನ ಹತ್ತಿರ ಟಾರ್ಕ್ ಪಾನಾ ಇತ್ತು. ಉದ್ದನೆಯ ಹಿಡಿಕೆ, ಹಿಡಿಕೆಯ ಮೇಲೆ ಅಂಕಿ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುಗಿಸಿಟ್ಟು ಬೋಲ್ಟು ಬಿಗಿದರೆ, ಅಷ್ಟಾದ ಕೂಡಲೇ ಅದು "ಟಕ್" ಎನ್ನುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಮುನಾವರ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು, "ಹೇಮಣ್ಣ, ಟಕ್ ಅಂದಮ್ಯಾಲ ಎಳಿಬ್ಯಾಡ, ಭಾಳ ನಾಜೂಕ ಸಾಮಾನ" ಎಂದ. ಹೇಮಪ್ಪ "ಹ್ಞೂಂ ಹ್ಞೂಂ" ಎಂದ. ಪಾನಾವನ್ನು ಬಟ್ಟೆ ಬಿಚ್ಚದೆ ಹಾಗೆಯೇ ಮೂಲೆಗಿಟ್ಟ.

ಬುಧವಾರ ಬೆಳಿಗ್ಗೆ ಕೆಲಸ ಹಿಡಿದರು. ಕಳಕೇಶ ಕಾಗದ ಹಿಡಿದುಕೊಂಡು ಪಕ್ಕದಲ್ಲೇ ನಿಂತ. ಹೇಮಪ್ಪ ಗಾಲಿ ಬಿಚ್ಚಿದ, ಬ್ರೇಕಿನ ಪೈಪುಗಳನ್ನು ಎಳೆತ ಬೀಳದಂತೆ ತಂತಿಯಿಂದ ಕಟ್ಟಿದ, ಗಾಲಿಯ ಬಳಿಯ ಸಣ್ಣ ವೈರುಗಳನ್ನು ಒಂದೊಂದೇ ಬಿಡಿಸಿ ಮೇಲಕ್ಕೆ ಸಿಕ್ಕಿಸಿದ. ಮುಂದಿನ ಸುರುಳಿಯನ್ನು ಶಿಕಂಜಿಯ ಇಕ್ಕಳದಲ್ಲಿ ಹಿಡಿದು ಅಮುಕುವಾಗ ಕಳಕೇಶನನ್ನು ಶೆಡ್ಡಿನ ಹೊರಗೆ ಕಳಿಸಿದ. "ಇದು ಕೈ ಬಿಟ್ಟು ಸಿಡೀತಂದ್ರ ಗ್ವಾಡೀ ತೂತ ಮಾಡತೈತಿ, ನೀ ಮದಿವಿಯಾದಂವ, ಹೊರಗ ನಿಂದರು" ಎಂದ. ಹಳೆಯ ಸುರುಳಿ ಇಳಿಯಿತು, ಹೊಸದು ಏರಿತು. ಕೈಯಲ್ಲಿ ಒಂದು ತಡವರಿಕೆಯಿಲ್ಲ, ಒಂದು ಸಾಮಾನು ಕೆಳಗೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಳಕೇಶ ಕಾಗದ ಮಡಚಿ ಜೇಬಿಗಿಟ್ಟು ಬಾಯಿ ತೆರೆದುಕೊಂಡು ನೋಡತೊಡಗಿದ.

ಟಕ್ ಪಾನಾಕ್ಕೂ ಹೇಮಪ್ಪ ಒಂದು ಉಪಾಯ ಹೂಡಿದ್ದ. ಬಿಗಿಯುವಾಗ ಅವನು ಬೋಲ್ಟಿನ ಕಡೆ ನೋಡುತ್ತಲೇ ಇರಲಿಲ್ಲ, ಕಳಕೇಶನ ಮುಖ ನೋಡುತ್ತಿದ್ದ. ಟಕ್ ಎಂದಾಗ ಹುಡುಗನ ಕಣ್ಣು ಪಿಳಿಕ್ ಎನ್ನುತ್ತಿತ್ತು, ಗದ್ದ ಒಂಚೂರು ಕೆಳಗೆ ಬರುತ್ತಿತ್ತು. ಅಷ್ಟಕ್ಕೆ ಹೇಮಪ್ಪ ಕೈ ತೆಗೆಯುತ್ತಿದ್ದ. ಹೀಗೆ ಮುಂದಿನ ಬೋಲ್ಟುಗಳೆಲ್ಲ ಮುಗಿದವು. ಎಲಾ ಇವನ! ಇಷ್ಟು ಚಾಣಾಕ್ಷತನವನ್ನು ದವಾಖಾನೆಗೆ ಹೋಗುವುದಕ್ಕೆ ಬಳಸಿದ್ದರೆ ಕಿವಿಗೊಂದು ಮಶೀನಾದರೂ ಬರುತ್ತಿತ್ತು.

ಗುರುವಾರ ಹಿಂಭಾಗ. ಅಲ್ಲಿ ಒಂದು ಅಡ್ಡ ರಾಡು ಇರುತ್ತದೆ. ಗಾಡಿಯ ಹಿಂದಿನ ಅಚ್ಚು ಎಡಕ್ಕೋ ಬಲಕ್ಕೋ ಸರಿಯದಂತೆ ಹಿಡಿದಿಡುವುದೇ ಅದರ ಕೆಲಸ. ಗಾಡಿ ಎತ್ತರವಾದರೆ ಆ ರಾಡು ಅಚ್ಚನ್ನು ಒಂದು ಕಡೆಗೆ ಎಳೆದು, ಗಾಡಿ ವಾರೆಯಾಗಿ ನಡೆಯುತ್ತದೆ. ಅದಕ್ಕೆಂದು ಹೊಸ ಬ್ರಾಕೆಟ್ಟು ಕೊಟ್ಟಿದ್ದರು. ಬ್ರಾಕೆಟ್ಟನ್ನೂ ರಾಡನ್ನೂ ಹಿಡಿಯುವುದು ನಾಲ್ಕು ಬೋಲ್ಟು. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಈ ನಾಲ್ಕನ್ನು ಗಾಲಿ ನೆಲಕ್ಕೂರಿ, ಗಾಡಿಯ ಮೇಲೆ ಭಾರ ಕೂತ ಮೇಲೆಯೇ ಬಿಗಿಯಬೇಕು.

ಅದನ್ನು ಓದಿ ಹೇಳಿದಾಗ ಹೇಮಪ್ಪ ದೊಡ್ಡದಾಗಿ ನಕ್ಕ. "ಇದನ್ನ ಕಾಗದದಾಗ ಬರದ ಕಳಿಸ್ಯಾರ? ನಮ್ಮ ಶೆಡ್ಡಿನಾಗ ಮೊದಲಿಂದ ಇದ ಪದ್ಧತಿ. ಹೋಗು, ಮನೀ ಮಂದೀನ ಕರಕೊಂಡ ಬಾ."

ಪದ್ಧತಿ ಹೌದು. ಹೇಮಪ್ಪ ಕಮಾನ ಕಟ್ಟಿದರೆ ಕಡೆಯ ಬಿಗಿ ಕೊಡುವಾಗ ಆ ಗಾಡಿಯಲ್ಲಿ ದಿನಾ ಓಡಾಡುವವರೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂಡಬೇಕು. ಟ್ರೇಲರಾದರೆ ಕಾಳಿನ ಚೀಲ, ಜೀಪಾದರೆ ಮನೆಯವರು. ಯಾರು ಕೂಡುತ್ತಾರೋ ಅವರ ಭಾರಕ್ಕೇ ಗಾಡಿ ಹೊಂದಿಕೊಳ್ಳಬೇಕು ಎಂಬುದು ಅವನ ಮಾತು. ಹೀಗಾಗಿ ಎಷ್ಟೋ ಮನೆಯವರಿಗೆ ಅದೊಂದು ಸಣ್ಣ ಹಬ್ಬವೇ ಆಗಿಬಿಟ್ಟಿತ್ತು. ಹನ್ನೆರಡರ ಸುಮಾರಿಗೆ ಸಾವಕಾರರು, ಅವರ ಹೆಂಡತಿ ಸಿದ್ದವ್ವ, ಸೊಸೆ ಪೂಜಾ, ಆರು ವರ್ಷದ ಮೊಮ್ಮಗಳು ಚಿನ್ನು ಎಲ್ಲರೂ ಬಂದರು. ಸಿದ್ದವ್ವನ ಕೈಯಲ್ಲಿ ಆರತಿ ತಟ್ಟೆ, ಕಾಯಿ, ನಾಲ್ಕು ನಿಂಬೆಹಣ್ಣು.

"ಒಂದೂವರಿಗೆ ರಾಹುಕಾಲ ಹತ್ತತೈತಿ ಹೇಮಪ್ಪ. ಅದರೊಳಗ ಗಾಡಿ ಹೊಂಡಬೇಕು. ಹಂಗ ಮುಶಿಗೇರಿ ಹೊಲಕ್ಕ ಹೋಗಿ ಹೆಸರಿನ ಬೆಳಿ ನೋಡ್ಕೊಂಡ ಬರ್ತೀವಿ" ಎಂದಳು ಸಿದ್ದವ್ವ.

ಶೆಡ್ಡಿನ ನಡುವಿನ ಗುಂಡಿಯ ಮೇಲೆ ಗಾಡಿ ನಿಂತಿತ್ತು. ಎಲ್ಲರೂ ಹತ್ತಿ ಕುಳಿತರು. ಸಾವಕಾರರು ಮುಂದೆ, ಹೆಂಗಸರು ಹಿಂದೆ, ಚಿನ್ನು ಅಜ್ಜಿಯ ತೊಡೆಯ ಮೇಲೆ. ಕಳಕೇಶನೂ ಡ್ರೈವರನ ಜಾಗದಲ್ಲಿ ಕೂಡಲೇಬೇಕಾಯಿತು, ಅವನ ಎಪ್ಪತ್ತೆಂಟು ಕೇಜಿಯೂ ಲೆಕ್ಕಕ್ಕೆ ಬೇಕಲ್ಲ. ಹೇಮಪ್ಪ ಗುಂಡಿಗೆ ಇಳಿದ. ಇಳಿದ ಮೇಲೆ ಅವನಿಗೆ ಹೊಳೆಯಿತು: ನೋಡುವುದಕ್ಕೆ ಇಲ್ಲಿ ಯಾರ ಮುಖವೂ ಇಲ್ಲ.

ಮುನಾವರನನ್ನು ಕರೆಯಬಹುದಿತ್ತು. ಕರೆದು ಏನೆಂದು ಹೇಳುವುದು? ನಿನ್ನ ಪಾನಾ ಟಕ್ ಎಂದದ್ದು ನನಗೆ ಕೇಳುವುದಿಲ್ಲ ಎನ್ನುವುದೇ? ಕೈಗೆ ಗೊತ್ತಾಗುತ್ತದೆ ಬಿಡು ಎಂದುಕೊಂಡು ಹೇಮಪ್ಪ ಮೊದಲನೆಯದಕ್ಕೆ ಪಾನಾ ಹಾಕಿದ. ಟಕ್ ಎಂದಾಗ ಹಿಡಿಕೆ ಅಂಗೈಯಲ್ಲಿ ಸಣ್ಣಗೆ ಜರುಗಿತು. ಎರಡನೆಯದೂ ಸಿಕ್ಕಿತು, ಮೂರನೆಯದೂ ಸಿಕ್ಕಿತು. ನಾಲ್ಕನೆಯದು ರಾಡಿನ ಮೇಲುಗಡೆ, ಸಂದಿಯಲ್ಲಿ. ಅಲ್ಲಿಗೆ ಪಾನಾಕ್ಕೆ ಉದ್ದನೆಯ ಜೋಡುಸರಳು ಸಿಕ್ಕಿಸಿ, ಮೈ ತಿರುಚಿ, ಎಡಗೈಯಲ್ಲಿ ಎಳೆಯಬೇಕಿತ್ತು. ಎಳೆದ. ಏನೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಎಳೆದ. ಮತ್ತೂ ಒಮ್ಮೆ. ನಾಲ್ಕನೇ ಸಲ ಎಳೆಯುವಾಗ ಬೋಲ್ಟು ಮೆತ್ತಗಾಯಿತು.

ಈ ಮೆತ್ತಗಾಗುವುದು ಎಂದರೇನೆಂದು ಕೆಲಸದವರನ್ನು ಕೇಳಬೇಕು. ಬಿಗಿದಂತೆಲ್ಲ ಗಟ್ಟಿಯಾಗುತ್ತ ಹೋಗಬೇಕಾದದ್ದು ಒಮ್ಮೆಲೇ ಬೆಲ್ಲದ ಪಾಕದ ಹಾಗೆ ಎಳೆಯತೊಡಗುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೋಲ್ಟು ಜಾಗದಲ್ಲೇ ಇರುತ್ತದೆ, ಬಿಗಿಯಾಗಿಯೂ ಇರುತ್ತದೆ. ಆದರೆ ಒಳಗೆ ಕುತ್ತಿಗೆ ಸಣ್ಣಗಾಗಿರುತ್ತದೆ. ಇವತ್ತು ಹೋಗಬಹುದು, ಆರು ತಿಂಗಳಿಗೆ ಹೋಗಬಹುದು. ಹಳ್ಳದ ಇಳಿಜಾರಿನಲ್ಲಿ ಮುರಿದರೆ ಗಾಡಿಯ ಹಿಂಭಾಗ ಒಂದು ಕಡೆ ಎಳೆದುಕೊಂಡುಬಿಡುತ್ತದೆ. ಹೇಮಪ್ಪನಿಗೆ ಗುಂಡಿಯಲ್ಲಿ ನಿಂತಲ್ಲೇ ಬೆವರು ಇಳಿಯಿತು.

ಅವನು ಮೇಲೆ ಬಂದಾಗ ಚಿನ್ನು ಕಿಟಕಿಯಿಂದ ಮುಖ ಹೊರಗೆ ಹಾಕಿ ಬೆರಳು ಎಣಿಸುತ್ತಿದ್ದಳು. ಕಳಕೇಶ ನಗುತ್ತ ಹತ್ತಿರ ಬಂದು ಜೋರಾಗಿ ಹೇಳಿದ: "ಏಳ ಸಲ ಟಕ್ ಅಂತಂತ್ರಿ ಕಾಕಾ, ಚಿನ್ನು ಎಣಿಸ್ಯಾಳ. ನಾಕ ಬೋಲ್ಟಿಗೆ ಏಳ ಟಕ್! ಭಲೇ ಬಿಗಿ ಕೊಟ್ರಿ ಬಿಡ್ರಿ."

ನೋಡಿ, ಹೀಗೆ. ಗಿರಾಕಿಯೇ ಭಲೇ ಎನ್ನುತ್ತಿದ್ದಾನೆ. ಸುಮ್ಮನಿದ್ದರೆ ಆಯಿತು. ಒಂದು ವಾರ ಬಿಟ್ಟು "ಗಾಡಿ ತಂದು ತೋರಸು" ಎಂದು ಕರೆಸಿ, ಯಾರಿಗೂ ತಿಳಿಯದಂತೆ ಬೋಲ್ಟು ಬದಲಿಸಿದರೂ ಆಯಿತು. ಹೇಮಪ್ಪ ಇದನ್ನೆಲ್ಲ ಯೋಚಿಸಿದ. ಯೋಚಿಸಲಿಲ್ಲ ಎಂದು ಹೇಳಿ ಅವನನ್ನು ದೊಡ್ಡವನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತುಬಿಟ್ಟ.

ಕಳಕೇಶ ಗಾಡಿಯನ್ನು ಹೊರಗೆ ತಂದು ರಸ್ತೆಗೆ ಮುಖ ಮಾಡಿ ನಿಲ್ಲಿಸಿದ. ಎರಡು ಇಂಚಿಗೆ ಅದರ ರೂಪವೇ ಬದಲಾಗಿತ್ತು. ಮುನಾವರ ತನ್ನ ಅಂಗಡಿ ಬಿಟ್ಟು ನೋಡಲು ಬಂದ. ಸಿದ್ದವ್ವ ಕುಂಕುಮ ಹಚ್ಚಿ, ಆರತಿ ಬೆಳಗಿ, ಕಾಯಿ ಒಡೆದಳು. ಪೂಜಾ ನಾಲ್ಕೂ ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಗಂಟೆ ಒಂದೂ ಹತ್ತು. ಎಲ್ಲರೂ ಹತ್ತಿದರು. ಕಳಕೇಶ ಗಾಡಿ ಚಾಲು ಮಾಡಿದ. ಅಜ್ಜಿಯ ತೊಡೆಯ ಮೇಲಿಂದ ಚಿನ್ನು ಹೇಮಪ್ಪನಿಗೆ ಕೈ ಬೀಸಿದಳು.

ಹೇಮಪ್ಪ ಬಂದು ಗಾಡಿಯ ಮುಂದೆ ಬಗ್ಗಿದ. ಬಲಗಾಲಿಯ ಮುಂದಿನ ನಿಂಬೆಹಣ್ಣು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ಎಡಗಾಲಿಯದನ್ನೂ ತೆಗೆದ.

"ಅಯ್ಯ ಶಿವನ! ಏನ ಮಾಡಾಕತ್ತೀಯೋ?" ಎಂದು ಸಿದ್ದವ್ವ ಒಳಗಿನಿಂದಲೇ ಕೂಗಿದಳು. ಪೂಜೆ ಮಾಡಿ ಇಟ್ಟ ನಿಂಬೆಹಣ್ಣನ್ನು ಎತ್ತುವುದೆಂದರೆ ಸಣ್ಣ ಅಪಶಕುನವೇ?

"ಇಳೀರಿ ಎಲ್ಲಾರೂ" ಎಂದ ಹೇಮಪ್ಪ. "ಸಾವಕಾರ್ರ, ಕೆಳಗಿಳೀರಿ. ಗಾಡಿ ಹೋಗೂದಿಲ್ಲ."

ಸಾವಕಾರರು ಇಳಿದರು. ಹೇಮಪ್ಪ ನೆಲ ನೋಡುತ್ತ ಹೇಳತೊಡಗಿದ. ಬೋಲ್ಟು ಮೆತ್ತಗಾದದ್ದು ಹೇಳಿದ. ಟಕ್ ಎಂದಮೇಲೂ ಎಳೆದದ್ದು ಹೇಳಿದ. "ಅಲ್ಲರಿ ಕಾಕಾ, ನಮಗ ಮ್ಯಾಲ ಕುಂತವರಿಗೆ ಕೇಳಿಸಿತು, ನಿಮಗ್ಯಾಕ..." ಎಂದು ಕಳಕೇಶ ಕೇಳಹೋದ. ಹೇಮಪ್ಪ ತಲೆಯೆತ್ತಿದ.

"ನನಗ ಕೇಳಸೂದಿಲ್ಲೋ ತಮ್ಮಾ. ಎರಡ ವರ್ಸಾತು. ಈ ಕಿವಿ ಪೂರಾ ಇಲ್ಲ, ಇದು ಅರ್ಧಾ. ನಿನ್ನಿ ನಿನ್ನ ಮಾರೀ ನೋಡ್ಕೋತ ಬಿಗದೆ."

ಸಾವಕಾರರ ಮುಖ ಕೆಂಪೇರಿತು. "ನನ್ನ ಮೊಮ್ಮಗಳ ಕುಂತಿದ್ಲಲ್ಲೋ ಇದರಾಗ" ಎಂದರು. ಅಷ್ಟೇ ಎಂದು, ಹೆಗಲ ಮೇಲಿನ ಟಾವೆಲ್ಲು ಸರಿಪಡಿಸಿಕೊಂಡು ಊರ ಕಡೆ ನಡೆದರು. ಸಿದ್ದವ್ವ ಆರತಿ ತಟ್ಟೆ ಎತ್ತಿಕೊಂಡು, ಚಿನ್ನುವನ್ನು ಎಳೆದುಕೊಂಡು, ಸೊಸೆಯೊಡನೆ ಅವರ ಹಿಂದೆ ಹೋದಳು. ಕಳಕೇಶ ಗಾಡಿಯನ್ನು ಮತ್ತೆ ಗುಂಡಿಯ ಮೇಲೆ ತಂದು ನಿಲ್ಲಿಸಿದ. ಹೇಮಪ್ಪ ಆ ಬೋಲ್ಟು ಬಿಚ್ಚಿ ಅವನ ಕೈಯಲ್ಲಿಟ್ಟ. ಕುತ್ತಿಗೆಯ ಹತ್ತಿರ ಅದು ಸಣ್ಣಗಾದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಕಳಕೇಶ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಹೋದ.

ಅವತ್ತು ಸಂಜೆ ಮನೆಯಲ್ಲಿ ಹೇಮಪ್ಪ ಎರಡು ತುತ್ತು ರೊಟ್ಟಿ ತಿಂದು ಎದ್ದ. ಉಡಚವ್ವ ಏನೋ ಕೇಳಿದಳು. "ಹ್ಞೂಂ" ಎಂದ. ಅವಳು ಅವನ ಮುಖ ನೋಡಿ ಗಂಗಾಳ ಎತ್ತಿಟ್ಟಳು. ಇಷ್ಟು ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿರುತ್ತದೆ, ನಾಳೆ ರೋಣಕ್ಕೆ, ನಾಡಿದ್ದು ನರಗುಂದಕ್ಕೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕುಳಿತ. ಹಾಳಾಗಿ ಹೋಗಲಿ, ಮಗು ಕೂತ ಗಾಡಿ ಮುರಿಯುವುದಕ್ಕಿಂತ ಹೆಸರು ಮುರಿದದ್ದು ಒಳ್ಳೆಯದಾಯಿತು ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ಆಗಲಿಲ್ಲ, ಅದು ಬೇರೆ ಮಾತು.

ಶುಕ್ರವಾರ ಶೆಡ್ಡಿನ ಬಾಗಿಲು ತೆಗೆದು, ಸಾಮಾನುಗಳನ್ನೆಲ್ಲ ಒರೆಸಿ ಜೋಡಿಸಿಡುತ್ತಿದ್ದ. ಯಾರಿಗಾದರೂ ಕೊಟ್ಟುಬಿಡುವುದು ಎಂದೇ ಒರೆಸುತ್ತಿದ್ದ. ಹನ್ನೆರಡು ದಾಟಿದ ಮೇಲೆ ಕಳಕೇಶ ಮೋಟರ್‌ಸೈಕಲ್ ಮೇಲೆ ಬಂದ. ಬೆಳಿಗ್ಗೆ ಗದಗಕ್ಕೆ ಹೋಗಿ ಅದೇ ಅಳತೆಯ, ಅಷ್ಟೇ ಗಟ್ಟಿಯ ಬೋಲ್ಟು ತಂದಿದ್ದ. ಒಂದಲ್ಲ, ಎರಡು. ಅವನ ಹಿಂದೆಯೇ ಸಾವಕಾರರೂ ಸಿದ್ದವ್ವನೂ ಸೊಸೆ, ಮೊಮ್ಮಗಳೂ ನಡೆದು ಬಂದರು. ಬಂದವರೇ ಯಾರನ್ನೂ ಕೇಳದೆ ಗಾಡಿ ಹತ್ತಿ ತಮ್ಮ ತಮ್ಮ ಜಾಗದಲ್ಲಿ ಕುಳಿತರು.

ಹೇಮಪ್ಪ ನಿಂತಲ್ಲೇ ನಿಂತಿದ್ದ. "ನಾನ ಬಿಗೀಬೇಕೇನ್ರಿ?" ಎಂದ.

"ಮತ್ತ ನಾ ಬಿಗೀಲೇನು?" ಎಂದು ಸಾವಕಾರರು ಕಿಟಕಿಯಿಂದ ಗದರಿದರು. "ನಿನ್ನಿ ಸಿಟ್ಟ ಬಂದಿದ್ದು ಕಿವೀ ಸಲುವಾಗಿ ಅಲ್ಲೋ ಹುಚ್ಚಪ್ಪಾ. ಆ ಪಾನಾ ಹಿಡಿಯೂ ಮುಂದ ಒಂದ ಮಾತ ಹೇಳ್ಲಿಲ್ಲಲ್ಲಾ ಅಂತ. ಕೇಳಸೂದಿಲ್ಲ ಅಂತ ನನಗೇನ ಹೊಸದಾಗಿ ಗೊತ್ತಾತೇನು? ಈ ಕಳಕೇಶಗ ಒಬ್ಬಗ ಹೇಳಿರಲಿಲ್ಲ, ಅಷ್ಟ."

ಹೇಮಪ್ಪನಿಗೆ ಇದು ತಲೆಗೆ ಹತ್ತಲಿಲ್ಲ. ಸಿದ್ದವ್ವ ಬಾಗಿಲು ತೆಗೆದು ಇಳಿದು, ಅವನ ಎಡಕ್ಕೆ ಬಂದು ನಿಂತಳು.

"ಎರಡ ವರ್ಸಾತು, ಊರ ಮಂದಿಯೆಲ್ಲಾ ಹಿಂಗ ನಿನ್ನ ಎಡಕ್ಕ ನಿಂತ ಮಾತಾಡತೈತಿ. ನೀ ಒಮ್ಮಿನೂ ನೋಡ್ಲಿಲ್ಲೇನೋ? ಉಡಚವ್ವ ಒಬ್ಬೊಬ್ಬರ ಮನೀಗೂ ಬಂದು ಹೇಳಿ ಹೋಗ್ಯಾಳ. ಬಲಕ್ಕ ನಿಂದರಬ್ಯಾಡ್ರಿ, ಸ್ವಲ್ಪ ಗಟ್ಟ್ಯಾಗಿ ಮಾತಾಡ್ರಿ, ಅವರಿಗೆ ಮಾತ್ರ ಗೊತ್ತಾಗಗೊಡಬ್ಯಾಡ್ರಿ, ಭಾಳ ನೋವು ಮಾಡ್ಕೋತಾರ ಅಂತ. ಇಂವ ಮುನಾವರಗೂ ಹೇಳ್ಯಾಳ, ಕೇಳು."

ಮುನಾವರ ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕತ್ತು ಕೆರೆದುಕೊಂಡ. "ಹೌದಣ್ಣ. ಈ ಪಾನಾ ಕೊಡೂಮುಂದ ನಾನೂ ಹೇಳಬೇಕಿತ್ತು. ವೈನಿ ಬ್ಯಾಡ ಅಂದಿದ್ಲು, ಸುಮ್ನಾದೆ. ತಪ್ಪ ನಂದೂ ಐತಿ" ಎಂದು, ಬಂದು ತಾನೂ ಗುಂಡಿಗೆ ಇಳಿದ.

ಹೇಮಪ್ಪ ಹೊಸ ಬೋಲ್ಟು ಹಾಕಿ ಪಾನಾ ಸಿಕ್ಕಿಸಿದ. ಮುನಾವರ ಅವನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತ. ಎಳೆದ, ಎಳೆದ, ಹೆಗಲ ಮೇಲೆ ಒಂದು ಏಟು ಬಿತ್ತು. ಹೇಮಪ್ಪ ಕೈ ತೆಗೆದ. ಮೇಲಿನಿಂದ ಚಿನ್ನು "ಒಂದು!" ಎಂದು ಕೂಗಿದಳಂತೆ. ಗಾಡಿ ಮುಶಿಗೇರಿಗೆ ಹೋಯಿತು. ಜಾಡಿಗೆ ಇಳಿದು, ದಿಬ್ಬದ ಮೇಲೆ ಹೊಟ್ಟೆ ತಾಗಿಸದೆ ಹೊಲದವರೆಗೂ ಹೋಗಿ, ಮೂರರ ಸುಮಾರಿಗೆ ಕೆಸರು ಮೆತ್ತಿಕೊಂಡು ತಿರುಗಿ ಬಂತು. "ಒಂದೀಟೂ ಸಪ್ಪಳಿಲ್ಲರಿ ಕಾಕಾ" ಎಂದು ಕಳಕೇಶ ಅವನ ಎಡಗಿವಿಯ ಹತ್ತಿರ ಬಂದು ಕೂಗಿ ಹೇಳಿದ.

ಹೇಮಪ್ಪ ಊಟಕ್ಕೆ ಮನೆಗೆ ಹೋದ. ಉಡಚವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಗಂಗಾಳದ ಮುಂದೆ ಕೂತು ಅವಳನ್ನು ನೋಡಿದ. ನಲವತ್ತು ಮನೆಯೋ ಐವತ್ತು ಮನೆಯೋ, ಈ ಹೆಂಗಸು ಹಾಳು ಮಂಡಿನೋವು ಇಟ್ಟುಕೊಂಡು ಒಂದೊಂದೇ ಹೊಸ್ತಿಲು ಹತ್ತಿ ಇಳಿದದ್ದು ಅವನ ಕಣ್ಣಿಗೆ ಕಟ್ಟಿದಂತಾಯಿತು. ಅವಳು ರೊಟ್ಟಿ ತಿರುವಿ ಹಾಕುತ್ತ, ಒಲೆಯ ಕಡೆ ಮುಖ ಮಾಡಿಕೊಂಡೇ ಏನೋ ಹೇಳಿದಳು.

ಹೇಮಪ್ಪನ ಬಾಯಿಗೆ "ಹ್ಞೂಂ" ಬಂದೇಬಿಟ್ಟಿತ್ತು. ತಡೆದುಕೊಂಡ. ಗಂಗಾಳ ಸರಿಸಿ, ಎದ್ದು ಹೋಗಿ, ಅವಳ ಪಕ್ಕದಲ್ಲಿ ಎಡಗಿವಿ ಅವಳ ಕಡೆಗೆ ಬರುವಂತೆ ನೆಲದ ಮೇಲೆ ಕೂತ.

"ಕೇಳಸಲಿಲ್ಲ" ಎಂದ. "ಇನ್ನೊಮ್ಮಿ ಹೇಳು."